ಅಡಿಗಲ್ಲು ಬಿದ್ದ ಮೇಲಿನ ತೋರಣಗಲ್ಲು

ನಮ್ಮ ಸಿರಿಗೇರಿ, ಸಿರುಗುಪ್ಪದ ಸೀಮೆ ಬೆಳೆದದ್ದು ನೀರಿನಿಂದ. 1953ರ ನಂತರ ತುಂಗಭದ್ರೆ ಕಾಲುವೆಗಳಲ್ಲಿ ಹರಿದಳು. ಜೋಳ, ಹತ್ತಿಯ ಎರೆಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದ ರೈತರ ಕ್ಯಾಂಪುಗಳು ಎದ್ದವು, ಸಿರುಗುಪ್ಪಕ್ಕೆ ರೈಸ್‌ಮಿಲ್ಲುಗಳು ಬಂದವು. ಅಕ್ಕನನ್ನು ಕೊಟ್ಟ ತೋರಣಗಲ್ಲಿನ ಕಥೆ ಬೇರೆ. ಆ ಊರನ್ನು ಬೆಳೆಸಿದ್ದು ಕಬ್ಬಿಣ, ಅದೂ ಒಂದು ತಲೆಮಾರು ಕಾಯಿಸಿ.

ಸೇಲಂ, ವಿಶಾಖಪಟ್ಟಣಗಳ ಜೊತೆಗೇ 1970ರಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಯೂ ಸಂಸತ್ತಿನಲ್ಲಿ ಘೋಷಣೆಯಾಯಿತು. ಮರುವರ್ಷ ಇಂದಿರಾ ಗಾಂಧಿ ತೋರಣಗಲ್ಲಿಗೆ ಬಂದು ಅಡಿಗಲ್ಲಿಟ್ಟರು. ಸಂಡೂರು ಗುಡ್ಡದ ಅದಿರು, ತುಂಗಭದ್ರೆಯ ನೀರು, ಹೊಸಪೇಟೆ–ಬಳ್ಳಾರಿ ರೈಲು, ಮೂರೂ ಹತ್ತಿರದಲ್ಲೇ ಇದ್ದವು. ಜಮೀನು ಹೋಯಿತು, ಕಾರ್ಖಾನೆ ಬರಲಿಲ್ಲ. ಉದಾರೀಕರಣದ ನಂತರ, 1994ರಲ್ಲಿ, ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಹುಟ್ಟಿತು. ನಡುವಿನ 23 ವರ್ಷಗಳನ್ನು ಬರೆಯುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಅಡಿಗಲ್ಲು ಬಿದ್ದಾಗ ಇಪ್ಪತ್ತೈದರ ಹರೆಯದಲ್ಲಿದ್ದು ನೌಕರಿಯ ಆಸೆ ಇಟ್ಟುಕೊಂಡವರಿಗೆ ಅಷ್ಟರಲ್ಲಿ ಐವತ್ತು ಹತ್ತಿರವಾಗಿತ್ತು. ಈ ಊರಿನ ಚರಿತ್ರೆ ಅವರಿಂದಲೇ ಶುರುವಾಗಬೇಕು.

ಆಮೇಲಿನದು ಬಲು ಬೇಗ ನಡೆಯಿತು. ನೌಕರರಿಗೆ ವಿದ್ಯಾನಗರ ಎದ್ದಿತು, ವಿಮಾನ ನಿಲ್ದಾಣವೂ ಆಯಿತು. ಪಕ್ಕದ ಕುರೇಕುಪ್ಪ ಪುರಸಭೆಯಾಯಿತು. ಬಳ್ಳಾರಿ ರಸ್ತೆಯ ಕುಡಿತಿನಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಬಂದು ಅದೂ ಪಟ್ಟಣ ಪಂಚಾಯಿತಿ ಎನಿಸಿಕೊಂಡಿತು.

ಅಕ್ಕನ ಮನೆಯ ಮಾಳಿಗೆ ಮೇಲೆ ಈಗ ತಗಡಿನ ರೂಮುಗಳು. ಒಡಿಶಾ, ಬಿಹಾರದ ಹುಡುಗರು ಇದ್ದಾರೆ. ಶಿಫ್ಟ್ ಮುಗಿಸಿ ಬಂದವರು ಹೆಲ್ಮೆಟ್ಟನ್ನು ಬಾಗಿಲ ಮೊಳೆಗೆ ತೂಗುಹಾಕಿ ನಲ್ಲಿಯ ಮುಂದೆ ಸಾಲುಗಟ್ಟುತ್ತಾರೆ. ಭಾವ ಶೇಂಗಾ ಚೀಲದ ಲೆಕ್ಕ ಬರೆಯುತ್ತಿದ್ದ ಉದ್ದನೆಯ ಪುಸ್ತಕದಲ್ಲೇ ಅಕ್ಕ ಬಾಡಿಗೆ ಬರೆಯುತ್ತಾಳೆ. ಒಂದು ಹಾಳೆಯಲ್ಲಿ ಚೀಲ, ತೂಕ, ದಲಾಲಿ. ಇನ್ನೊಂದರಲ್ಲಿ ಬೆಹೆರಾ, ಸಾಹು, ಅಡ್ವಾನ್ಸು, ಕರೆಂಟು ಬಿಲ್ಲು. "ಹೊಲ ಇದ್ದಾಗ ಸುಗ್ಗಿಗೆ ರೊಕ್ಕ ನೋಡ್ತಿದ್ವಿ ತಮ್ಮಾ, ಈಗ ತಿಂಗ್ಳಾ ತಿಂಗ್ಳಾ ಬರ್ತೈತೆ. ಆದ್ರೆ ಜ್ವಾಳ ಕೊಂಡು ತಿನ್ನಾಕೆ ಮನಸ್ಸು ಒಗ್ಗವಲ್ದು" ಅನ್ನುತ್ತಾಳೆ.

ನಮ್ಮ ಕಡೆಯ ಪೇಟೆಗಳು ಸಂತೆಯ ಸುತ್ತ ಬೆಳೆದವು. ಹಾಗಾಗಿ ಅವಕ್ಕೊಂದು ನಡುಮಧ್ಯವಿದೆ. ತೋರಣಗಲ್ಲು ಕಾರ್ಖಾನೆಯ ಗೇಟಿನ ಕಡೆ ಮುಖ ಮಾಡಿ ಬೆಳೆಯಿತು. ರೈಲ್ವೆ ಸ್ಟೇಷನ್ನು ಒಂದು ಕಡೆ, ಕಾಲೊನಿ ಒಂದು ಕಡೆ, ಹಳೆಯ ಊರು ಒಂದು ಕಡೆ. ಸಂಬಳ ಬಂದಿದೆ, ಮಕ್ಕಳು ಓದಿದ್ದಾರೆ. ಇದನ್ನು ಸಣ್ಣದೆನ್ನುವಷ್ಟು ಕೃತಘ್ನ ನಾನಲ್ಲ.

ಭಾವನ ಟ್ರಂಕಿನಲ್ಲಿ ಹೋದ ಹೊಲದ ಪಹಣಿ ಇನ್ನೂ ಇದೆ, ಮಡಿಕೆಯಲ್ಲಿ ಹರಿದಿದೆ. ಇಂಥ ಕಾಗದಗಳು ಹಳೆಯ ಊರಿನ ಎಷ್ಟೋ ಮನೆಗಳಲ್ಲಿರಬೇಕು. ಸರ್ವೆ ನಂಬರು, ಹೊಲದ ಹೆಸರು, ಕೊಟ್ಟವರ ಹೆಸರು ಸಮೇತ ಅವುಗಳ ನಕಲು ತೆಗೆದು ಪಂಚಾಯಿತಿಯಲ್ಲಿ ಕಾಪಿಡಬೇಕು, ಹೇಳಬಲ್ಲ ಹಿರಿಯರು ಇರುವಾಗಲೇ.