ಕಿಣ್ವ ಜೋಡಿಸಿದ ಪ್ರತಿಕಾಯ

ಪ್ರೋಟೀನುಗಳನ್ನು ಪತ್ತೆಹಚ್ಚಲು ಕಿಣ್ವವೊಂದನ್ನು ರಾಸಾಯನಿಕವಾಗಿ ಬೆಸೆದು ಸಿದ್ಧಪಡಿಸಿದ ಪ್ರತಿಕಾಯ. ಜೀನ್ ತಂತ್ರಜ್ಞಾನದಲ್ಲಿ ತಯಾರಿಸುವ ಪ್ರೋಟೀನಿನ ತುದಿಗೆ ಚಿಕ್ಕದೊಂದು ಅಮೈನೊ ಆಮ್ಲ ಸರಣಿಯನ್ನು ಟ್ಯಾಗ್ ಆಗಿ ಸೇರಿಸುತ್ತಾರೆ. ಹಿಸ್ ಟ್ಯಾಗ್‌ನಲ್ಲಿ ಸಾಮಾನ್ಯವಾಗಿ 6 ಹಿಸ್ಟಿಡಿನ್‌ಗಳೂ ಫ್ಲ್ಯಾಗ್ ಟ್ಯಾಗ್‌ನಲ್ಲಿ 8 ಅಮೈನೊ ಆಮ್ಲಗಳೂ ಇರುತ್ತವೆ. ಟ್ಯಾಗನ್ನು ಹಿಡಿಯುವ ಒಂದೇ ಪ್ರತಿಕಾಯ ಹಲವು ಪ್ರೋಟೀನುಗಳ ಪತ್ತೆಗೆ ಸಾಲುತ್ತದೆ.

ವಿಧಾನ: ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಾನುಸಾರ ಬೇರ್ಪಡಿಸಿ ಪೊರೆಗೆ ವರ್ಗಾಯಿಸುತ್ತಾರೆ. ಪೊರೆಯ ಖಾಲಿ ಜಾಗಗಳನ್ನು ಕೆನೆರಹಿತ ಹಾಲಿನ ಪುಡಿಯ ದ್ರಾವಣದಿಂದ ಮುಚ್ಚಿ, ಪ್ರತಿಕಾಯ ಹಾಕಿ, ಅಂಟದೆ ಉಳಿದುದನ್ನು ತೊಳೆಯುತ್ತಾರೆ. ಹಾರ್ಸ್‌ರ‍್ಯಾಡಿಶ್ ಗಿಡದ ಬೇರಿನಿಂದ ಪಡೆದು ಪ್ರತಿಕಾಯಕ್ಕೆ ಬೆಸೆದ ಪೆರಾಕ್ಸಿಡೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಇದ್ದಾಗ ಲುಮಿನಾಲ್‌ನಿಂದ ಬೆಳಕು ಹೊಮ್ಮಿಸುತ್ತದೆ. ಸಂರಕ್ಷಕವಾದ ಸೋಡಿಯಂ ಅಜೈಡ್ ಈ ಕಿಣ್ವವನ್ನು ತಡೆಯುವುದರಿಂದ ಅದನ್ನು ದ್ರಾವಣಗಳಲ್ಲಿ ಬಳಸಬಾರದು. ಟ್ಯಾಗ್ ಇಲ್ಲದ ಮಾದರಿಯನ್ನೂ ಹೋಲಿಕೆಗೆ ಇಡುವುದು ಅಗತ್ಯ.

ಎಲೈಸಾ: ಇದೇ ತತ್ತ್ವದ ಈ ಪರೀಕ್ಷೆಯನ್ನು ಸ್ವೀಡನ್ನಿನ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ 1971ರಲ್ಲಿ ಪ್ರಕಟಿಸಿದರು. ಪೆರಾಕ್ಸಿಡೇಸ್ ಕ್ರಿಯೆಯಿಂದ ಬಣ್ಣ ತಳೆಯುವ ಟಿಎಂಬಿ ಎಂಬ ವಸ್ತುವಿನ ದ್ರಾವಣ ಮೊದಲು ನೀಲಿಯಾಗಿ, ಆಮ್ಲ ಸೇರಿಸಿದಾಗ ಹಳದಿಗೆ ತಿರುಗುತ್ತದೆ. ಬಣ್ಣದ ಗಾಢತೆಯನ್ನು 450 ನ್ಯಾನೊಮೀಟರ್‌ನಲ್ಲಿ ಅಳೆಯುತ್ತಾರೆ.

ಕರ್ನಾಟಕದಲ್ಲಿ: ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಪತ್ತೆಗೆ ಆರ್‌ಟಿ-ಪಿಸಿಆರ್ ಜೊತೆಗೆ ಐಜಿಎಂ ಎಲೈಸಾ ಬಳಕೆಯಲ್ಲಿದೆ. ಈ ಎಲೈಸಾದಲ್ಲಿ ಹುಡುಕುವುದು ಟ್ಯಾಗನ್ನಲ್ಲ, ವೈರಾಣುವಿನ ವಿರುದ್ಧ ರೋಗಿಯ ರಕ್ತದಲ್ಲಿ ಮೂಡಿದ ಐಜಿಎಂ ಎಂಬ ಪ್ರತಿಕಾಯವನ್ನು.