ಪರೇಲಿನ ಸೌಧ ಮತ್ತು ಮಂಗರಾಜನ ವಿಷವೈದ್ಯ

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಸಾಂತಾಕ್ರೂಜಿನಿಂದ ಹೆಚ್ಚು ದೂರವಿಲ್ಲದ ಪರೇಲಿನಲ್ಲಿ, ಮೊದಲು ಕ್ರೈಸ್ತ ಸನ್ಯಾಸಿಗಳ ಮಠವಾಗಿದ್ದು ಅನಂತರ ಗವರ್ನರರ ನಿವಾಸವಾದ ಹಳೆಯ ಸೌಧವೊಂದಿದೆ. ಹಾಫ್‌ಕಿನ್ ಸಂಸ್ಥೆಯೂ ಅದರ ಸಂಗ್ರಹಾಲಯವೂ ಇರುವುದು ಇಲ್ಲಿಯೇ. 1896ರಲ್ಲಿ ನಗರಕ್ಕೆ ಪ್ಲೇಗು ಬಂದಾಗ ಲಸಿಕೆ ಸಿದ್ಧಪಡಿಸಿದ ಹಾಫ್‌ಕಿನ್ ಅವರು 1897ರ ಜನವರಿಯಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. 1899ರಲ್ಲಿ ಅವರ ಪ್ರಯೋಗಾಲಯ ಈ ಸೌಧಕ್ಕೆ ಬಂದಿತು. ಮುಂದೆ ಈ ಸಂಸ್ಥೆ ಹಾವಿನ ವಿಷಕ್ಕೆ ಪ್ರತಿವಿಷವನ್ನೂ ತಯಾರಿಸಿತು. ಕುದುರೆಗೆ ಅಲ್ಪಾಲ್ಪವಾಗಿ ವಿಷವನ್ನು ಚುಚ್ಚಿ, ಅದರ ರಕ್ತರಸದಿಂದ ಔಷಧವನ್ನು ಪಡೆಯುವ ವಿಧಾನವಿದು.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ನೆನಪಾಗುವುದು ಸುಮಾರು 1360ರ ಮಂಗರಾಜನ 'ಖಗೇಂದ್ರಮಣಿದರ್ಪಣ'. ಸ್ಥಾವರ ಜಂಗಮ ವಿಷಗಳನ್ನು 16 ಅಧಿಕಾರಗಳಲ್ಲಿ ವಿವೇಚಿಸುವ ಈ ಜೈನಕವಿ ಮದ್ದಿನೊಡನೆ ಮಂತ್ರವನ್ನೂ ಹೇಳುತ್ತಾನೆ. ಕೃತಿಯನ್ನು 1942ರಲ್ಲಿ ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ. ಇದು ಹೊರನಾಡಿನಲ್ಲಿ ನಡೆದ ಕೆಲಸವೆಂಬುದನ್ನು ಮರೆಯಲಾಗದು. ನಾವಾದರೋ ನಮ್ಮ ಸಂಶೋಧನೆಯ ದಿನಗಳಲ್ಲಿ ಪಾಠಾಂತರ, ಛಂದಸ್ಸುಗಳಲ್ಲೇ ನಿಂತೆವು. ಅದರ ಮೂಲಿಕೆಗಳನ್ನು ಸಸ್ಯಶಾಸ್ತ್ರಜ್ಞರೊಡನೆ ಕುಳಿತು ಗುರುತಿಸಲಿಲ್ಲ. ಒಂದೇ ಹೆಸರು ಸೀಮೆಯಿಂದ ಸೀಮೆಗೆ ಬೇರೆ ಗಿಡವನ್ನು ಸೂಚಿಸುವಲ್ಲಿ ಇದು ಸಣ್ಣ ಲೋಪವಲ್ಲ. ಆ ಮದ್ದುಗಳು ಫಲಿಸುತ್ತವೆಂಬುದು ನಮ್ಮ ವಾದವಲ್ಲ. ಹಾವು ಕಚ್ಚಿದವರನ್ನು ಒಯ್ಯಬೇಕಾದುದು ಪ್ರತಿವಿಷವಿರುವ ಆಸ್ಪತ್ರೆಗೇ. ಕವಿ ಯಾವ ಗಿಡವನ್ನು ಕಂಡು ಬರೆದನೆಂಬುದಷ್ಟೇ ನಮ್ಮ ಪ್ರಶ್ನೆ.