ಉರಿಯುವ ಪಾದ, ಮರಗಟ್ಟುವ ಪಾದ

ಸಕ್ಕರೆ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ಸಿಹಿ ಬಿಟ್ಟ ಊಟ, ಬೆಳಗಿನ ನಡಿಗೆ, ರಕ್ತ ಪರೀಕ್ಷೆಯ ಚೀಟಿ. ಆದರೆ ಅನೇಕ ರೋಗಿಗಳ ನಿದ್ದೆ ಕೆಡಿಸುವುದು ಇವು ಯಾವುವೂ ಅಲ್ಲ, ಅವರ ಪಾದಗಳು. ಅಂಗಾಲಿಗೆ ಕೆಂಡ ಸೋಕಿದಂಥ ಉರಿ, ಸೂಜಿ ಚುಚ್ಚಿದಂಥ ನೋವು, ಇರುವೆ ಹರಿದಂಥ ಜೋಮು. ಹೊದಿಕೆಯ ಅಂಚು ತಾಗಿದರೂ ಸಹಿಸಲಾಗದು. ಬೆಳಿಗ್ಗೆ ಮನೆಯವರು ನೋಡಿದರೆ ಗಾಯವಿಲ್ಲ, ಬಾವಿಲ್ಲ. 'ಏನೂ ಆಗಿಲ್ಲವಲ್ಲ' ಎಂದುಬಿಡುತ್ತಾರೆ. ಕಣ್ಣಿಗೆ ಕಾಣದ ಈ ನೋವನ್ನು ವೈದ್ಯಶಾಸ್ತ್ರ ಅರಿತುಕೊಂಡ ಬಗೆ ಕುತೂಹಲಕರವಾಗಿದೆ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಗಮನಿಸಿದ್ದರು. ಮೂತ್ರಕ್ಕೆ ಇರುವೆ ಮುತ್ತುವ ಪ್ರಮೇಹವನ್ನು ವರ್ಣಿಸುವ ಚರಕ ಸಂಹಿತೆಯು, ರೋಗ ಬಲಿಯುವ ಮುನ್ನ ಕಾಣುವ ಲಕ್ಷಣಗಳಲ್ಲಿ ಕೈಕಾಲುಗಳ ಸುಪ್ತತೆ ಮತ್ತು ದಾಹ ಎರಡನ್ನೂ ಹೇಳುತ್ತದೆ. ಸುಪ್ತತೆ ಎಂದರೆ ಮರಗಟ್ಟುವುದು. ದಾಹವೆಂದರೆ ಇಲ್ಲಿ ಬಾಯಾರಿಕೆಯಲ್ಲ, ಉರಿ. ಸುಶ್ರುತ ಸಂಹಿತೆಯಲ್ಲೂ ಅಂಗೈ ಅಂಗಾಲುಗಳ ಉರಿಯ ಪ್ರಸ್ತಾಪವಿದೆ. ಅಂದಿನ ಪ್ರಮೇಹವೆಲ್ಲವೂ ಇಂದಿನ ಮಧುಮೇಹವೇ ಎನ್ನಲಾಗದು. ಆದರೂ ಪರಸ್ಪರ ವಿರುದ್ಧವೆನಿಸುವ ಉರಿ ಮತ್ತು ಮರಗಟ್ಟುವಿಕೆಯನ್ನು ಜೊತೆಯಾಗಿಯೇ ಗುರುತಿಸಿದ್ದು ಸಣ್ಣ ಮಾತಲ್ಲ.

ಯೂರೋಪಿನಲ್ಲಿ ಚರ್ಚೆ ಬಹುಕಾಲ ಮೂತ್ರದ ಸುತ್ತಲೇ ನಡೆಯಿತು. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ರೋಗಿಗಳ ಮೂತ್ರದ ಸಿಹಿಯ ಬಗ್ಗೆ ಬರೆದ. ಆ ಸಿಹಿಗೆ ಸಕ್ಕರೆಯೇ ಕಾರಣವೆಂದು 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ತೋರಿಸಿಕೊಟ್ಟ. ಕಾಲುನೋವಿನ ಸರದಿ ಬಂದಾಗ ಅದರ ಕಾರಣವನ್ನೇ ತಲೆಕೆಳಗಾಗಿ ಭಾವಿಸಲಾಯಿತು. 1849ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಪ್ರಾಣಿಯ ಮಿದುಳಿನ ಕೆಳಭಾಗದ ಒಂದು ಬಿಂದುವನ್ನು ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಹಾಗಾದರೆ ಮಧುಮೇಹವೇ ನರಮಂಡಲದ ರೋಗವಿರಬೇಕು, ಕಾಲುನೋವೂ ಅದೇ ಮೂಲದ್ದಿರಬೇಕು ಎಂಬ ನಂಬಿಕೆ ಬಲವಾಯಿತು. ಇದನ್ನು ತಿರುಗಿಸಿ ನಿಲ್ಲಿಸಿದವನು ಮಾರ್ಷಲ್ ದ ಕಾಲ್ವಿ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯ. ನರ ಕೆಟ್ಟು ಮಧುಮೇಹ ಬರುವುದಲ್ಲ, ಮಧುಮೇಹದಿಂದಲೇ ನರ ಕೆಡುತ್ತದೆ ಎಂದು ಅವನು 1864ರಲ್ಲಿ ವಾದಿಸಿದ.

ನೋವಿನ ಸ್ವರೂಪವನ್ನು ರೋಗಿಗಳ ಬಾಯಿಂದಲೇ ಕೇಳಿ ದಾಖಲಿಸಿದವನು ಲಂಡನ್ನಿನ ಫ್ರೆಡರಿಕ್ ಪೇವಿ. ಬರ್ನಾರ್ಡನ ಬಳಿ ಕಲಿತಿದ್ದ ಈತ 1885ರಲ್ಲಿ ಕೊಟ್ಟ ವರ್ಣನೆ ಇಂದಿನ ರೋಗಿಯ ಮಾತಿನಂತೆಯೇ ಇದೆ. ಪಾದ ಮರಗಟ್ಟುತ್ತದೆ, ಕಾಲು ಭಾರವೆನಿಸುತ್ತದೆ, ಮೂಳೆಯೊಳಗಿಂದ ಬಂದಂಥ ನೋವು ರಾತ್ರಿ ಹೆಚ್ಚುತ್ತದೆ, ಚರ್ಮವನ್ನು ತುಸು ಹಿಂಡಿದರೂ ತಡೆಯಲಾಗದು.

1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾದ ಮೇಲೆ ಚಿತ್ರ ಬದಲಾಯಿತು. ಅದುವರೆಗೆ ಎಳೆಯ ವಯಸ್ಸಿನಲ್ಲಿ ಮಧುಮೇಹ ಬಂದವರು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಈಗ ದಶಕಗಟ್ಟಲೆ ಬದುಕತೊಡಗಿದರು, ಆದರೆ ಬದುಕಿದಷ್ಟೂ ವರ್ಷ ಕಾಯಿಲೆ ಅವರ ನರಗಳನ್ನು ಸವೆಸುತ್ತಿತ್ತು. ಬೆಲ್ಜಿಯಂನ ಜೀನ್ ಪಿರಾರ್ಟ್ 4,400 ರೋಗಿಗಳನ್ನು ದೀರ್ಘಕಾಲ ಗಮನಿಸಿ 1978ರಲ್ಲಿ ಪ್ರಕಟಿಸಿದ ವರದಿಯಂತೆ, 25 ವರ್ಷ ಮಧುಮೇಹದೊಡನೆ ಬದುಕಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನರಹಾನಿಯಾಗಿತ್ತು. ಇನ್ಸುಲಿನ್ ಅವಲಂಬಿತರಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಈ ಅಪಾಯ ಸುಮಾರು ಶೇ 60ರಷ್ಟು ತಗ್ಗುತ್ತದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು.

ಇಷ್ಟು ಉರಿಯ ಕಥೆ. ಮರಗಟ್ಟುವಿಕೆಯ ಅಪಾಯವನ್ನು ಜಗತ್ತಿಗೆ ಮನಗಾಣಿಸಿದ ಪಾಠ ದೊರೆತದ್ದು ನಮ್ಮ ನೆರೆಯ ವೆಲ್ಲೂರಿನಲ್ಲಿ, ಅದೂ ಬೇರೊಂದು ಕಾಯಿಲೆಯಿಂದ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಸೇರಿ ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿದರು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಬೀಳುತ್ತದೆಂಬುದು ಅಂದಿನ ನಂಬಿಕೆ. ನಿಜವಾಗಿ ನೋವೇ ತಿಳಿಯದ ಕಾರಣ ರೋಗಿ ಸುಟ್ಟುಕೊಳ್ಳುತ್ತಾನೆ, ಗಾಯದ ಮೇಲೆಯೇ ನಡೆಯುತ್ತಾನೆ, ಅಂಗ ಹಾಳಾಗುವುದು ಹೀಗೆ ಎಂದು ಅವರು ಕಂಡುಕೊಂಡರು. 1966ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದಮೇಲೆ ಮಧುಮೇಹಿಗಳ ಪಾದದ ಹುಣ್ಣಿನಲ್ಲೂ ಇದನ್ನೇ ಕಂಡರು. ಕುಷ್ಠರೋಗಿಗಳಿಗೆ ಮಾಡುತ್ತಿದ್ದ ಪಾದರಕ್ಷೆ, ಪ್ಲಾಸ್ಟರ್ ಕಟ್ಟು ಮಧುಮೇಹಿಗಳಿಗೂ ನೆರವಾದವು.

ಒಂದೇ ಪಾದ ಉರಿಯುವುದೂ ಮರಗಟ್ಟುವುದೂ ಹೇಗೆ? ಶರೀರದ ಅತಿ ಉದ್ದದ ನರತಂತುಗಳು ಬೆನ್ನಿನ ಕೆಳಭಾಗದಿಂದ ಕಾಲ್ಬೆರಳಿನವರೆಗೆ ಹೋಗುತ್ತವೆ. ಹೆಚ್ಚಿದ ಸಕ್ಕರೆಯ ಪೆಟ್ಟು ಮೊದಲು ಬೀಳುವುದು ಇವುಗಳ ತುದಿಗೆ. ಆದ್ದರಿಂದ ತೊಂದರೆ ಬೆರಳಲ್ಲಿ ಮೊದಲಾಗಿ ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಪೆಟ್ಟು ತಿಂದ ನರ ಕಾರಣವಿಲ್ಲದೆ ನೋವಿನ ಸುದ್ದಿ ಕಳುಹಿಸುತ್ತದೆ. ಸತ್ತ ನರ ನಿಜವಾದ ಗಾಯದ ಸುದ್ದಿಯನ್ನೂ ಕಳುಹಿಸದು. ಆದ್ದರಿಂದ ಉರಿ ತಾನಾಗಿ ನಿಂತಿತೆಂದು ಸಂತೋಷಪಡುವ ಮೊದಲು ಪಾದಕ್ಕೆ ಸ್ಪರ್ಶ ತಿಳಿಯುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಅಗತ್ಯ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ವೈದ್ಯರು ಇದನ್ನು ಕೆಲವೇ ನಿಮಿಷಗಳಲ್ಲಿ ನೋಡಬಲ್ಲರು.

ಕೆಟ್ಟ ನರವನ್ನು ಮೊದಲಿನಂತೆ ಮಾಡುವ ಔಷಧಿ ಇಂದಿಗೂ ಇಲ್ಲ. ನೋವು ತಗ್ಗಿಸುವ ಔಷಧಿಗಳಿವೆ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಹಳೆಯದು. ಡುಲಾಕ್ಸೆಟಿನ್ ಮತ್ತು ಪ್ರಿಗ್ಯಾಬಲಿನ್‌ಗಳಿಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಮೆಣಸಿನಕಾಯಿಯ ಖಾರದ ಸತ್ವದಿಂದ ಮಾಡಿದ ಪಟ್ಟಿಯನ್ನು 2020ರಲ್ಲಿ ಪಾದದ ಈ ನೋವಿಗೂ ಒಪ್ಪಲಾಯಿತು. ಇವು ಹಲವರಿಗೆ ನೋವನ್ನು ಕಡಿಮೆ ಮಾಡುತ್ತವೆ, ಪೂರ್ತಿ ಅಳಿಸುವುದು ಅಪರೂಪ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗುವವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿಯೂ ಜೋಮು ಬರಬಹುದಾದ್ದರಿಂದ ಅದರ ಪರೀಕ್ಷೆಯೂ ಒಳ್ಳೆಯದು.

ಉಳಿದದ್ದು ಮನೆಯಲ್ಲೇ ಆಗುವ ಕೆಲಸ. ಮರಗಟ್ಟಿದ ಕಾಲಿಗೆ ಶಾಖ ಕೊಡುವುದು ನಮ್ಮ ರೂಢಿ, ಆದರೆ ಬಿಸಿ ತಿಳಿಯದ ಪಾದ ಬೊಬ್ಬೆ ಎದ್ದಮೇಲೂ ಸುಮ್ಮನಿರುತ್ತದೆ. ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬರುವವರಿಗೂ ಇದೇ ಅಪಾಯ. ಚಪ್ಪಲಿಯನ್ನು ಕೊಡವಿ ಮೆಟ್ಟುವುದು, ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಖರ್ಚಿಲ್ಲದ ಎಚ್ಚರಿಕೆಗಳು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಹೀಗಿರುವಾಗ ಕಾಲು ಉರಿಯುತ್ತದೆಂದು ರಾತ್ರಿ ಎದ್ದು ಕೂರುವವರು ನಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದೇ ಇರುತ್ತಾರೆ. ಅವರ ಮಾತನ್ನು ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಉರಿ ಹೋಯಿತೆಂದು ಅವರು ಹೇಳಿದ ದಿನ ಅವರ ಪಾದವನ್ನು ನಾವೇ ಒಮ್ಮೆ ಮುಟ್ಟಿ ನೋಡುವುದು ಎರಡನೆಯದು.